ಮದುಮಗನ ಮೇಲೆ ಬಿದ್ದ ಹಾಡು

ಸುಂಟಿಕೊಪ್ಪದಲ್ಲಿ ನನಗೊಂದು ಚಪ್ಪಲಿ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಪ್ರವಾದಿಯವರನ್ನು ಕೊಂಡಾಡುವ ಹಾಡು ಕಟ್ಟುವುದು ನನ್ನ ಚಟ. ನಮ್ಮಲ್ಲಿ ಇಂಥ ಹಾಡುಗಳೆಲ್ಲ ಅರಬಿಯಲ್ಲಿ, ಇಲ್ಲವೇ ಮಲಯಾಳದಲ್ಲಿ. ಮಕ್ಕಳು ಓದುವುದು ಕನ್ನಡ ಶಾಲೆಯಲ್ಲಿ. ಅವರಿಗೆ ಅರ್ಥವಾಗುವ ಒಂದಾದರೂ ಇರಲಿ ಎಂದು ಒಂದು ಸಲ ಮೀಲಾದ್ ಹಬ್ಬಕ್ಕೆ ಕನ್ನಡದಲ್ಲೇ ಬರೆದೆ.

ಮದ್ರಸದ ಉಸ್ತಾದರು ಮಾಕುಟ್ಟದ ಗಡಿಯಾಚೆ, ಕೇರಳದವರು. ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಹೆಸರು ಎಲ್ಲಿ?" ಎಂದರು.

"ಕೊನೇ ನುಡಿಯಲ್ಲಿ ಬರ್ತದೆ ಉಸ್ತಾದ್. ಅಲ್ಲಿವರೆಗೆ ಬರೀ 'ನೀವು'. ಕೇಳುವವರಿಗೆ ಕುತೂಹಲ ಇರ್ಲಿ ಅಂತ."

"ಮೀಲಾದ್‌ಗೆ ಬಂದವರಿಗೆ, ಯಾರು ಅಂತ ಕುತೂಹಲವಾ?"

ಒಳ್ಳೆಯ ಪ್ರಶ್ನೆಯೇ. ಆದರೆ ಕವಿಯ ಕಿವಿಗೆ ಅದು ಬೀಳಲಿಲ್ಲ.

ಕಾರ್ಯಕ್ರಮ ಭಾನುವಾರ, ಮದ್ರಸದ ಹಾಲ್‌ನಲ್ಲಿ. ರಸ್ತೆಯ ಆಚೆ ಬದಿಯ ಕಲ್ಯಾಣ ಮಂಟಪದಲ್ಲಿ ಅದೇ ದಿನ ಒಂದು ಗೌಡರ ಮನೆಯ ಮದುವೆ. ಎರಡೂ ಕಡೆಗೆ ಕಾರ್ಡ್‌ಲೆಸ್ ಮೈಕ್ ಕೊಟ್ಟವನು ಒಬ್ಬನೇ.

ನಾನು ಶುರು ಮಾಡಿದೆ.

ಹುಣ್ಣಿಮೆಯೂ ನಾಚಿತು ನಿಮ್ಮ ಮೊಗ ಕಂಡು,
ಮೋಡ ಬಂತು ಬಿಸಿಲಿಗೆ ಕೊಡೆಯ ಹಿಡಕೊಂಡು...

ನಮ್ಮ ಸ್ಪೀಕರ್‌ನಲ್ಲಿ ಸದ್ದೇ ಇಲ್ಲ. ದನಿ ಏರಿಸಿದೆ. ಆಗ ಅದೇ ಸ್ಪೀಕರ್ ಗಟ್ಟಿಯಾಗಿ, ಗೌಡರ ಅರೆಭಾಷೆಯಲ್ಲಿ, "ಗಂಡಿನ ಕಡೆಯವ್ರು ಮೊದಲ ಪಂಕ್ತಿಗೆ ಬರೆಕು, ಪಾಯಸ ರೆಡಿ ಉಟ್ಟು" ಎಂದಿತು. ಮುಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಹಿರಿಯರೊಬ್ಬರು ಎದ್ದು, ಟೋಪಿ ಸರಿಮಾಡಿಕೊಂಡು ಹೊರಟೇಬಿಟ್ಟರು.

ನನ್ನ ಹಾಡು ಎಲ್ಲಿ ಹೋಯಿತೆಂದು ಆಗ ತಿಳಿಯಿತು. ಮಂಟಪದ ಸ್ಪೀಕರ್‌ನಿಂದ ನನ್ನದೇ ದನಿ ತೇಲಿ ಬರುತ್ತಿತ್ತು, ಜೊತೆಗೆ ಚಪ್ಪಾಳೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಈ ಕಡೆ ನಮ್ಮವರು ಮೊಬೈಲ್ ನೋಡುತ್ತಿದ್ದರು, ಆ ಕಡೆ ಸಿಳ್ಳೆ ಬೀಳುತ್ತಿತ್ತು. ಕಿಟಕಿಯತ್ತ ತಿರುಗಿ ಇನ್ನಷ್ಟು ಭಾವ ತುಂಬಿ ಹಾಡಿದೆ. "ಸುಳ್ಳೆಂಬುದೇ ತಿಳಿಯದ ನಾಲಿಗೆ ನಿಮ್ಮದು" ಎಂಬ ಸಾಲಿಗೆ ಮಂಟಪವೇ ಬಿದ್ದು ಬಿದ್ದು ನಕ್ಕಿತು. ಇಲ್ಲಿ ನಗುವಂಥದ್ದೇನಿದೆ ಎಂದು ನನಗೆ ಹೊಳೆಯಲಿಲ್ಲ. ಕೊನೆಯ ನುಡಿಗೆ ಬರುವಷ್ಟರಲ್ಲಿ ಮೈಕ್‌ನವನು ಓಡಿಬಂದು ನನ್ನ ಕೈಯಿಂದ ಮೈಕ್ ಕಿತ್ತುಕೊಂಡ.

ಅವನ ಹಿಂದೆಯೇ ಮದುಮಗಳ ಸೋದರಮಾವ ಬಂದರು. "ಹಾಡಿದ್ದು ಯಾರು ಮಾರಾಯ್ರೆ? ನಾವು ಹೇಳ್ಸಿದ್ದು ಅಂತ ಗಂಡಿನ ಕಡೆಯವ್ರು, ಅವ್ರು ಹೇಳ್ಸಿದ್ದು ಅಂತ ನಾವು ತಿಳ್ಕೊಂಡದ್ದು! ಮದುಮಗ ನಿಮ್ಮನ್ನ ನೋಡ್ಬೇಕಂತೆ, ಬನ್ನಿ."

ಮದುಮಗ ಕುಶಾಲನಗರದಲ್ಲಿ ಹಳೇ ಕಾರು ಮಾರಿಸಿಕೊಡುವವನಂತೆ. ನಗುವಿನ ಕಾರಣ ಈಗ ಹೊಳೆಯಿತು. ಯಾರ ಮೇಲೆ ಕಟ್ಟಿದ ಹಾಡು, ಯಾರ ಮೇಲೆ ಹೋಗಿ ಕೂತಿದೆ!

"ಹೋಗಿ. ಹಾಡು ಯಾರ ಮೇಲಿನದು ಅಂತ ಹೇಳದೆ ಬರಬೇಡಿ" ಎಂದರು ಉಸ್ತಾದರು.

ಮಂಟಪದಲ್ಲಿ, ಗಂಡಿನ ಕಡೆಯವರ ಪಂಕ್ತಿಯ ನಡುವೆ ನಮ್ಮ ಹಿರಿಯರು ಪಾಯಸ ಉಣ್ಣುತ್ತಿದ್ದರು. ಮದುಮಗ ನನ್ನ ಎರಡೂ ಕೈ ಹಿಡಿದುಕೊಂಡ. "ಆ ಮೋಡದ್ದು ಉಂಟಲ್ಲ, ಅದನ್ನ ಇನ್ನೊಂದ್ಸಲ ಹೇಳಿ. ವಿಡಿಯೋಗೆ."

"ಅದು... ನಿಮ್ಮ ಮೇಲಲ್ಲ. ನಮ್ಮ ಪ್ರವಾದಿಯವರ ಮೇಲೆ."

ಅವನ ಮುಖ ಬಾಡಿತು. ಕುರ್ಚಿಯಲ್ಲಿ ಕೂತಿದ್ದ ಮದುಮಗಳ ಅಜ್ಜಿ, "ಇವ ಅಲ್ಲಂತ ನಂಗೆ ಆಗಳೇ ಗೊತ್ತಾತ್" ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮದುಮಗಳು.

ಅಜ್ಜಿ ನನ್ನತ್ತ ತಿರುಗಿ, "ಅಂಥವರ ಹಾಡ್ನ ಅರ್ಧಕ್ಕೆ ಬುಡ್ತಾರಾ? ಮುಗ್ಸಿ" ಎಂದರು.

ಮುಗಿಸಿದೆ. ವಾಲಗದವರು ಯಾರೂ ಹೇಳದೆಯೇ ಜೊತೆಗೂಡಿದರು. ಕೊನೆಗೆ ಹೆಸರು ಬಂದಾಗ ನಾನು ಕಣ್ಣು ಮುಚ್ಚಿ ಎದೆಯ ಮೇಲೆ ಕೈ ಇಟ್ಟೆ. ಆಗ ಏನು ಮಾಡಬೇಕೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಕೈಯಲ್ಲಿ ಅಕ್ಷತೆ ಉಳಿದಿದ್ದವರು ಅದನ್ನು ನನ್ನ ಮೇಲೆ ಹಾಕಿದರು.

ಮದ್ರಸಕ್ಕೆ ವಾಪಸಾದಾಗ ಬಹುಮಾನ ಹಂಚುತ್ತಿದ್ದರು. ಉಸ್ತಾದರು ನನ್ನ ಗಡ್ಡದಿಂದ ಅರಿಶಿನದ ಅಕ್ಕಿಕಾಳೊಂದನ್ನು ತೆಗೆದು ನೋಡಿ, ಪಕ್ಕಕ್ಕೆ ಸರಿದು ನನಗೆ ಕೂರಲು ಜಾಗ ಮಾಡಿಕೊಟ್ಟರು.