ಗದ್ದ ಮಾಮನ ಐವತ್ತರ ಲೆನ್ಸ್

ನಮ್ಮಣ್ಣನನ್ನು ಬೀದಿಯವರೆಲ್ಲ ಗದ್ದ ಮಾಮ ಎಂದು ಕರೆಯುತ್ತಾರೆ. ಮೂವತ್ತು ವರ್ಷದಿಂದ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾ, "ಗದ್ದ ಸ್ವಲ್ಪ ಮೇಲೆ" ಎಂದು ಹೇಳಿ ಹೇಳಿ ಬಂದ ಹೆಸರು. ಒಮ್ಮೆ ಊಟಕ್ಕೆ ಕೂತಾಗ ಅತ್ತಿಗೆಗೂ ಹಾಗೇ ಅಂದುಬಿಟ್ಟನಂತೆ. ಅತ್ತಿಗೆ ಅವತ್ತು ಅವನೇ ಬಡಿಸಿಕೊಳ್ಳಲಿ ಎಂದು ಎದ್ದು ಹೋದಳು. ಆಸಾಮಿ ಒಳ್ಳೆಯವನು, ಆದರೆ ಮೊಂಡ. ಮೊಂಡತನ ನಮ್ಮ ಮನೆಯ ಪಿತ್ರಾರ್ಜಿತ, ನನಗೂ ಸಮಪಾಲು ಸಿಕ್ಕಿದೆ.

ಅವನ ಸ್ಟುಡಿಯೋಗೆ ಅಂಟಿಕೊಂಡೇ ನನ್ನ ಹೊಲಿಗೆ ಅಂಗಡಿ. ನನ್ನ ಎಡಗಾಲು ಬಲಗಾಲಿಗಿಂತ ಎರಡು ಇಂಚು ಗಿಡ್ಡ, ಹುಟ್ಟಿನಿಂದಲೂ. ದಪ್ಪ ಅಟ್ಟೆಯ ಶೂ ಹಾಕಿದರೂ ನಿಂತರೆ ಸೊಂಟ ವಾಲುತ್ತದೆ, ರೆಡಿಮೇಡ್ ಕೋಟಿನ ಅಂಚೂ ಜೊತೆಗೇ ವಾಲುತ್ತದೆ. ಅದನ್ನು ನೋಡಿ ನೋಡಿ ರೋಸಿಹೋಗಿಯೇ ನಾನು ಹೊಲಿಗೆ ಕಲಿತದ್ದು. ಮೈ ಎಷ್ಟೇ ಓರೆಯಿರಲಿ, ನಾನು ಹೊಲಿದ ಬಟ್ಟೆಯ ಅಂಚು ನೆಲಕ್ಕೆ ಸಮನಾಗಿ ಇಳಿಯುತ್ತದೆ. ಆದರೆ ಇದು ಯಾರಿಗೆ ಗೊತ್ತು? ಜನ ನನ್ನ ಹತ್ತಿರ ಬರುವುದು ಕಿತ್ತುಹೋದ ಜಿಪ್ ಹಾಕಿಸಿಕೊಳ್ಳಲು. ಅದಕ್ಕೇ ಒಂದು ದಿನ ಅವನ ಬಾಗಿಲಲ್ಲಿ ಹೋಗಿ ನಿಂತೆ.

"ಅಣ್ಣಾ, ಅಂಗಡಿಗೆ ಹೊಸ ಬೋರ್ಡ್ ಹಾಕಿಸ್ತಿದೀನಿ. ನಾನು ಹೊಲಿದ ಕೋಟು ಹಾಕ್ಕೊಂಡು ನಾನೇ ನಿಂತ್ಕೋತೀನಿ. ತಲೆಯಿಂದ ಪಾದದ ತನಕ ಒಂದು ಫೋಟೋ ತೆಗಿ."

ಅಣ್ಣ ಕ್ಯಾಮೆರಾ ಒರೆಸುತ್ತಲೇ ಇದ್ದ. "ಕುರ್ಚಿ ಮೇಲೆ ಕೂತ್ಕೋ. ಮುಖ ಚೆನ್ನಾಗಿ ಬರುತ್ತೆ."

"ಕೂತ್ರೆ ಕೋಟಿನ ಅಂಚು ಹೇಗೆ ಕಾಣುತ್ತೆ?"

"ನಿಂತಿರೋದನ್ನ ತೆಗೆಯೋಕೆ ನನ್ನ ಹತ್ರ ಸರಿಯಾದ ಲೆನ್ಸ್ ಇಲ್ಲ, ಪುಟ್ಟಿ."

ಲೆನ್ಸ್ ಬರೀ ನೆಪ. ನನಗೆ ಏಳು ವರ್ಷವಿದ್ದಾಗ ಶಾಲೆಯ ಗುಂಪು ಫೋಟೋದಲ್ಲಿ ನನ್ನ ಕಾಲು ನೋಡಿ ಒಬ್ಬ ನಕ್ಕಿದ್ದ. ಅಣ್ಣ ಅವನ ಮೂಗಿಗೆ ಗುದ್ದಿ ಬಂದು, ಕತ್ತರಿ ತೆಗೆದುಕೊಂಡು ಫೋಟೋದ ಕೆಳಭಾಗವನ್ನೇ ಕತ್ತರಿಸಿಬಿಟ್ಟ. ಅವತ್ತಿನಿಂದ ಅವನು ತೆಗೆದ ನನ್ನ ಫೋಟೋಗಳಲ್ಲೆಲ್ಲ ನಾನು ಮೇಜಿನ ಹಿಂದೆ, ಹೂಕುಂಡದ ಹಿಂದೆ, ಇಲ್ಲವೇ ಸೊಂಟದವರೆಗೆ. ಅದು ಪ್ರೀತಿಯೆಂದು ನನಗೆ ಗೊತ್ತು. ಆದರೂ ನಲವತ್ತು ವರ್ಷ ಅರ್ಧ ಮನುಷ್ಯಳಾಗಿರುವುದು ಸಾಕಾಗಿತ್ತು.

ನೆಪ ಹೇಳಿದವನನ್ನು ಹಳೇ ಕ್ಯಾಮೆರಾ ಮಾರುವವರ ಅಂಗಡಿಗೆ ಎಳೆದುಕೊಂಡೇ ಹೋದೆ. ಪರಿಚಯದವರಾದ್ದರಿಂದ ಎರಡು ದಿನ ಪರೀಕ್ಷೆ ಮಾಡಿ ನೋಡಿ ಎಂದು ಮೂರು ಲೆನ್ಸ್ ಕೊಟ್ಟರು. ಎಂಬತ್ತೈದು ಮಿಲಿಮೀಟರಿನದು ಕೈಗೆ ಬಂದಾಗ ಅಣ್ಣನ ಕಣ್ಣು ಅರಳಿತು. "ಇದು ರಾಜ. ಮನುಷ್ಯರನ್ನ ಇದರಷ್ಟು ಚಂದ ಯಾವುದೂ ತೋರಿಸಲ್ಲ" ಅಂದ.

"ಪೂರ್ತಿ ಆಳು ಹಿಡಿಸ್ಬೇಕು ಅಂದ್ರೆ ಎಷ್ಟು ದೂರ ನಿಂತ್ಕೋಬೇಕು?"

"ಹದಿನೇಳು ಅಡಿ."

ಕೊರಳಲ್ಲಿದ್ದ ಟೇಪು ತೆಗೆದು ಸ್ಟುಡಿಯೋ ನೆಲದ ಮೇಲೆ ಹಾಸಿದೆ. ನನ್ನ ಟೇಪು ಐದಡಿಯದು. ಮೂರನೇ ಸಲ ಪೂರ್ತಿ ಹಾಸುವ ಮೊದಲೇ ಗೋಡೆ ಬಂತು. ಒಟ್ಟು ಹದಿನಾಲ್ಕು ಅಡಿ. ಮೂವತ್ತು ವರ್ಷ ಅದೇ ಕೋಣೆಯಲ್ಲಿ ಕೆಲಸ ಮಾಡಿದವನು ಅದನ್ನು ಒಮ್ಮೆಯೂ ಅಳೆದಿರಲಿಲ್ಲ. ಅಳತೆಯಿಲ್ಲದೆ ನಾನೊಂದು ಕರ್ಚೀಫನ್ನೂ ಹೊಲಿಯುವುದಿಲ್ಲ.

ಆಮೇಲೆ ಇಪ್ಪತ್ತೆಂಟರ ಲೆನ್ಸ್ ಹಾಕಿದ. ಅದಕ್ಕೆ ಆರಡಿ ಸಾಕು. ಅವನು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಕೆಳಗಿನಿಂದ ತೆಗೆದ. ಕಂಪ್ಯೂಟರಿನಲ್ಲಿ ತೋರಿಸುವಾಗ ಅವನ ಮುಖದಲ್ಲಿ ಗೆದ್ದ ಕಳೆ. ನೋಡಿದರೆ ನನ್ನ ಕಾಲುಗಳು ಸಿನಿಮಾ ನಟಿಯ ಕಾಲಿನಷ್ಟು ಉದ್ದ, ತಲೆ ಮಾತ್ರ ಗೋಲಿಯಷ್ಟು.

"ಇದು ಯಾರ ಕಾಲು?"

"ನಿಂದೇ. ಚೆನ್ನಾಗಿ ಬಂದಿದೆಯಲ್ಲ."

"ಕೋಟಿನ ಅಂಚು ನೋಡು, ಓರೆ ಬಂದಿದೆ. ನಾನು ಸಮ ಮಾಡಿದ್ದನ್ನ ನಿನ್ನ ಲೆನ್ಸು ಓರೆ ಮಾಡಿದೆ. ಹೊಟ್ಟೆ ಮೇಲೆ ಹೊಡೀತೀಯಾ ನಂಗೆ?"

ಅಣ್ಣ ಮೌಸನ್ನು ಬದಿಗೆ ಸರಿಸಿದ. ಆಮೇಲೆ ಪರದೆಯ ಕಡೆ ನೋಡುತ್ತಲೇ ಮೆಲ್ಲಗೆ ಅಂದ, "ಜನ ನೋಡ್ತಾರೆ, ಪುಟ್ಟಿ."

"ನೋಡ್ಲಿ ಅಂತಾನೇ ಬೋರ್ಡ್ ಹಾಕಿಸ್ತಿರೋದು."

ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. ಅವನಿಗೂ ಹಾಗೇ ಆಗಿರಬೇಕು, ಎದ್ದು ಉಳಿದಿದ್ದ ಐವತ್ತರ ಲೆನ್ಸ್ ಹಾಕಿದ. ನೋಡಲು ಮೋಟು, ರಾಜಗಾಂಭೀರ್ಯ ಏನೂ ಇಲ್ಲ, ಆದರೆ ಹತ್ತಡಿ ಕೊಟ್ಟರೆ ಪೂರ್ತಿ ಆಳನ್ನು ಇದ್ದ ಹಾಗೇ ತೋರಿಸುತ್ತದೆ. ಕ್ಯಾಮೆರಾ ಸ್ಟ್ಯಾಂಡನ್ನು ನನ್ನ ಸೊಂಟದ ಎತ್ತರಕ್ಕೆ ಇಳಿಸಿದ. ನನ್ನ ಹಿಂದಿನ ಬಟ್ಟೆಗೆ ಎರಡಡಿ, ಕ್ಯಾಮೆರಾ ಸ್ಟ್ಯಾಂಡಿಗೆ ಎರಡಡಿ ಹೋಗಿ, ಅಣ್ಣ ಬೆನ್ನನ್ನು ಗೋಡೆಗೆ ಅಂಟಿಸಿ ನಿಲ್ಲಬೇಕಾಯಿತು.

ನಾನು ದಪ್ಪ ಅಟ್ಟೆಯ ಎಡಗಾಲ ಶೂವನ್ನು ಅಭ್ಯಾಸದಂತೆ ಬಲಗಾಲಿನ ಹಿಂದೆ ಸರಿಸಿ ನಿಂತೆ. ಗದ್ದ ಮೇಲೆತ್ತುವ ಮಾತು ಬರಲಿ ಎಂದು ಕಾಯುತ್ತಿದ್ದೆ. ಅಣ್ಣ ಕ್ಯಾಮೆರಾದೊಳಗೆ ನೋಡುತ್ತಲೇ ಇದ್ದ, ಕ್ಲಿಕ್ಕಿಸಲಿಲ್ಲ. ಕೊನೆಗೆ ಕ್ಯಾಮೆರಾದಿಂದ ತಲೆ ಎತ್ತಿದ.

"ಎಡಗಾಲು ಸ್ವಲ್ಪ ಮುಂದೆ ಇಡು, ಪುಟ್ಟಿ."

ಮುಂದೆ ಇಟ್ಟೆ. ಕೋಟಿನ ಅಂಚು ಗೆರೆ ಎಳೆದ ಹಾಗೆ ಸಮನಾಗಿ ನಿಂತಿತು.

ಉಳಿದೆರಡು ಲೆನ್ಸ್ ಮರುದಿನ ವಾಪಸ್ಸು ಹೋದವು. ಬೋರ್ಡ್ ಏರಿದ ವಾರದಲ್ಲೇ ಊರುಗೋಲು ಹಿಡಿದ ಒಬ್ಬ ಟೀಚರ್ ಬಂದು ಕೋಟಿಗೆ ಅಳತೆ ಕೊಟ್ಟರು. ಹೊರಡುವಾಗ, "ಆ ಫೋಟೋ ತೆಗೆದವರು ಯಾರು?" ಎಂದು ಕೇಳಿದರು. ಪಕ್ಕದ ಬಾಗಿಲು ತೋರಿಸಿದೆ. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಕುರ್ಚಿ ಎಳೆದು ಬದಿಗಿಟ್ಟ ಸದ್ದಾಯಿತು, ಹಿಂದೆಯೇ ಅಣ್ಣನ ದನಿ.

"ನಿಂತೇ ತೆಗೆಯೋಣ ಮೇಡಂ. ಕೋಲೂ ಇರಲಿ."