ನನ್ನ ಬಸಿರಿಗೆ ಅತ್ತೆಯ ಜವಾಬು

ಮೊದಲ ಬಸಿರಿನಲ್ಲಿ ನನಗೆ ಏನಾಗುತ್ತಿದೆ ಎಂಬುದು ಬಡವನಹಳ್ಳಿ ಬಳಿಯ ನಮ್ಮ ಊರಿನಲ್ಲಿ ನನ್ನ ಹೊರತು ಎಲ್ಲರಿಗೂ ಗೊತ್ತಿತ್ತು. ನನ್ನ ಕಾಲು ಊದಿದ್ದು ಸೋಮಾರಿತನದಿಂದ ಎಂದು ಅತ್ತೆ ತೀರ್ಪು ಕೊಟ್ಟಿದ್ದರು. ಅವರು ಎಂಟು ಹೆತ್ತವರು. ಎಂಟನ್ನೂ ಹೊಲದಲ್ಲಿ ಕಳೆ ಕೀಳುತ್ತಲೇ ಹೆತ್ತವರಂತೆ ಮಾತಾಡುತ್ತಿದ್ದರು. ನನಗೆ ಹದಿನೇಳು. ತವರಿನಲ್ಲಿ ತಾಯಿ ಇರಲಿಲ್ಲವಾಗಿ ಹೆರಿಗೆಯೂ ಗಂಡನ ಮನೆಯಲ್ಲೇ ಆಗಬೇಕಿತ್ತು. ಅಂಥ ಅನುಭವಸ್ಥರ ಎದುರು ನನ್ನ ತಲೆನೋವು ಯಾವ ಲೆಕ್ಕ?

ಎಂಟನೇ ತಿಂಗಳಲ್ಲಿ ಮುಖವೂ ಊದಿ, ಕೈಬಳೆ ಬಿಗಿದು ನಿಂತಾಗ ಯಜಮಾನರು ಗಾಡಿ ಕಟ್ಟಿದರು. ಮಹಾರಾಜರು ಪೇಟೆಯಲ್ಲಿ ಆಸ್ಪತ್ರೆ ಇಟ್ಟಿದ್ದಾರೆ, ಒಮ್ಮೆ ತೋರಿಸೋಣ ಎಂದರು. ಅತ್ತೆ ಬುತ್ತಿ ಕಟ್ಟಿಕೊಂಡು ಜೊತೆಗೆ ಹೊರಟರು. ದಾರಿಯಲ್ಲಿ ಮಧುಗಿರಿ ಬೆಟ್ಟ ನನ್ನ ಕಣ್ಣಿಗೆ ಎರಡಾಗಿ ಕಂಡಿತು.

“ಅತ್ತೆಮ್ಮ, ಬೆಟ್ಟ ಎರಡು ಕಾಣ್ತೈತೆ.”

“ಎರಡಕ್ಕೂ ಕೈ ಮುಗಿ. ಪುಣ್ಯ ಬತ್ತೈತೆ.”

ಡಾಕ್ಟರು ಬಹಳ ಸಭ್ಯರು. ಪರಸ್ತ್ರೀಯನ್ನು ಕಣ್ಣೆತ್ತಿಯೂ ನೋಡದವರು, ಅವಳು ರೋಗಿಯಾದರೂ ಸರಿಯೇ. ನನ್ನ ಸಮಾಚಾರವನ್ನು ಯಜಮಾನರನ್ನು ಕೇಳಿದರು.

“ತಲೆನೋವು, ಕಣ್ಣು ಮಂಜು ಏನಾದರೂ ಇದೆಯೇನಯ್ಯ?”

ಯಜಮಾನರು ತಾಯಿಯ ಮುಖ ನೋಡಿದರು. ಜವಾಬು ಅತ್ತೆಯಿಂದ ಬಂತು.

“ಅಂಗೇನೂ ಇಲ್ಲ ಬುಡಿ ಸ್ವಾಮಿ. ಕೆಲಸಕ್ಕೆ ಕರೆದ್ರೆ ನೆಪ ಹೇಳ್ತಾಳೆ, ಅಷ್ಟೇಯ.”

ನನ್ನ ದೇಹದ ಬಗ್ಗೆ ಆ ಮೂವರ ಮಾತುಕತೆ ಸುಸೂತ್ರವಾಗಿ ಮುಗಿಯಿತು. ನಾನು ಅಡ್ಡ ಬರಲಿಲ್ಲ. ಕಾಂಪೌಂಡರು ನಾವು ತಂದಿದ್ದ ಸೀಸೆಗೆ ಕೆಂಪು ಔಷಧಿ ತುಂಬಿದರು. ನನ್ನ ಹಿಂದೆ ಕೆಮ್ಮುತ್ತ ನಿಂತಿದ್ದ ಮುದುಕನಿಗೂ ಅದೇ ಕೆಂಪು ಔಷಧಿ. ಸರ್ಕಾರದ ಕಣ್ಣಿಗೆ ನಾವಿಬ್ಬರೂ ಸಮಾನರು.

ಗಾಡಿ ಹತ್ತಲಾರದೆ ನಿಂತಿದ್ದ ನನ್ನನ್ನು ನರ್ಸಮ್ಮ ನೋಡಿದರು. ಪಾವಗಡದ ಕಡೆಯವರು, ಮಾತಿನಲ್ಲಿ ತೆಲುಗು ಇಣುಕುತ್ತಿತ್ತು. ಜಗಲಿಯ ಮೇಲೆ ಕೂರಿಸಿ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬಿದ್ದ ಗುಳಿ ಹಾಗೇ ಉಳಿಯಿತು.

“ಎಷ್ಟು ದಿನ ಆಯ್ತಮ್ಮ ಇಂಗಾಗಿ?”

“ಅದೇನಿಲ್ಲ ಕಣವ್ವ, ಅವಳು…” ಎಂದು ಅತ್ತೆ ಶುರುಮಾಡಿದರು.

“ಏಮಮ್ಮಾ, ಬಸುರಿ ನೀವೇನಾ?”

ಅತ್ತೆ ಮಾತು ನಿಲ್ಲಿಸಿದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು. ನರ್ಸಮ್ಮ ನನ್ನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿದರು. “ನಿಂಗೆ ಹೆಂಗಾಗ್ತೈತೆ, ನೀನು ಹೇಳು” ಎಂದರು. ನಾನು ಮೊದಲು ಗಳಗಳ ಅತ್ತುಬಿಟ್ಟೆ. ಆಮೇಲೆ ಎಲ್ಲವನ್ನೂ ಹೇಳಿದೆ. ಅವರು ಡಾಕ್ಟರನ್ನು ಕರೆತಂದರು. ಈ ಸಲ ಅವರು ಸಭ್ಯತೆ ಬದಿಗಿಟ್ಟು ನನ್ನ ಕಾಲು ನೋಡಿದರು, ನೋಡಿ ಗಾಬರಿಯಾದರು. ಹೆರಿಗೆಯವರೆಗೆ ಇಲ್ಲೇ ಮಲಗಿರಬೇಕು, ಉಪ್ಪಿಲ್ಲದ ಊಟ ಎಂದು ಅಪ್ಪಣೆಯಾಯಿತು.

“ಮಲಗಿರೋದಾ? ಹೊಲದಾಗೆ ಕಳೆ ಕೀಳೋರು ಯಾರ್ಲಾ?” ಎಂದು ಅತ್ತೆ ಮಗನನ್ನು ಕೇಳಿದರು.

“ನೀನೇ ಕಿತ್ಕೊ ಕಣವ್ವ. ಇವಳು ಇಲ್ಲೇ ಇರ್ತಾಳೆ” ಎಂದರು ಯಜಮಾನರು. ತಾಯಿಯ ಮುಖ ನೋಡುವಷ್ಟು ಧೈರ್ಯ ಮಾತ್ರ ಇರಲಿಲ್ಲ, ಎತ್ತುಗಳ ಕಡೆ ತಿರುಗಿ ಹೇಳಿದರು.

ಮೂರು ವಾರ ಕಳೆದ ಮೇಲೆ ಹೆರಿಗೆಯಾಯಿತು. ಎರಡು ಸಲ ನನಗೆ ಪ್ರಜ್ಞೆ ತಪ್ಪಿತಂತೆ. ನರ್ಸಮ್ಮ ಪಕ್ಕ ಬಿಟ್ಟು ಏಳಲಿಲ್ಲವಂತೆ. ಹೆಣ್ಣು ಮಗು, ಅಂಗೈಯಗಲ. ಆದರೆ ಉಸಿರಾಡುತ್ತಿತ್ತು, ನಾನೂ ಉಸಿರಾಡುತ್ತಿದ್ದೆ.

ಸುದ್ದಿ ತಿಳಿದು ಅತ್ತೆ ಬಂದರು. ಮಗುವಿನ ಮೇಲೆ ನೀರು ಚಿಮುಕಿಸಿ ಆಮೇಲೆ ಎತ್ತಿಕೊಂಡರು. ನರ್ಸಮ್ಮ ಯಾವ ಜಾತಿಯೋ ಏನೋ! ಬದುಕಿಸಿದ ಕೈ ತಾಗಿ ಮಗು ಮೈಲಿಗೆಯಾಗಿತ್ತಂತೆ. ನಾನು ಮಗುವನ್ನು ಈಸಿಕೊಂಡು ಮತ್ತೆ ನರ್ಸಮ್ಮನ ಮಡಿಲಿಗೆ ಹಾಕಿದೆ.

ಅತ್ತೆ ಇನ್ನೊಂದು ಚೊಂಬು ನೀರು ತರಲು ಹೋದರು.