ಗೇಟಿನ ಚಿಲಕ ಮತ್ತು ಮುನಿಯಮ್ಮನ ಹಣೆಬರಹ

ಇವತ್ತು ಬೆಳಿಗ್ಗೆ ಜೆ.ಪಿ. ನಗರದ ನಮ್ಮ ಕಟ್ಟಡದ ಗೇಟು ಮತ್ತೆ ಹಾರುಹೊಡೆದುಕೊಂಡಿತ್ತು. ಕೆಳಗಿನ ಮನೆಗೆ ಹೊಸದಾಗಿ ಬಂದವರದೇ ಕೆಲಸ. ಬೈಗುಳ ಸಿದ್ಧಮಾಡಿಕೊಂಡೇ ಇಳಿದುಬಂದು ಚಿಲಕ ಜಗ್ಗಿದೆ. ಅಂಗೈಗೆ ತುಕ್ಕಿನ ವಾಸನೆ ಹತ್ತಿತು, ಸಿಟ್ಟು ಅಲ್ಲೇ ನಿಂತುಹೋಯಿತು. ನಿಮಗೆ ಮುನಿಯಮ್ಮನವರ ವಿಷಯ ಹೇಳಬೇಕು.

ಬಹಳ ವರ್ಷಗಳ ಹಿಂದೆ ನಾನು ಹೊಸಕೆರೆಹಳ್ಳಿಯಲ್ಲಿ ಅವರ ಮಹಡಿ ಮನೆಯ ಬಾಡಿಗೆದಾರ, ಕಾಲೇಜಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಹೊಲವೆಲ್ಲ ಬಡಾವಣೆಯಾದ ಮೇಲೂ ಮುನಿಯಮ್ಮ ಗೌರಿ ಎಂಬ ಒಂದು ಹಸುವನ್ನು ಉಳಿಸಿಕೊಂಡಿದ್ದರು. ಹಾಲು ಕಡಿಮೆಯಾದರೂ, ನಲ್ಲಿಯಲ್ಲಿ ನೀರು ಬರದಿದ್ದರೂ ಅವರದು ಒಂದೇ ಮಾತು: "ಎಲ್ಲಾ ಹಣೆಬರಹ." ನಾನು ಒಳಗೊಳಗೇ ನಗುತ್ತಿದ್ದೆ. ತಮಾಷೆಯೆಂದರೆ ತರಗತಿಯಲ್ಲಿ ನಾನು ಹೇಳುತ್ತಿದ್ದುದೂ ಹೆಚ್ಚುಕಡಿಮೆ ಅದನ್ನೇ. ಪ್ರತಿ ಕೆಲಸಕ್ಕೂ ಹಿಂದೊಂದು ಕಾರಣ, ಅದಕ್ಕೂ ಹಿಂದೆ ಇನ್ನೊಂದು. ಆಯ್ಕೆ ಎಂಬುದೇ ಭ್ರಮೆಯಾದರೆ ಯಾರನ್ನು ದೂರುವುದು? ನನ್ನ ಹತ್ತಿರ ದಪ್ಪ ಪುಸ್ತಕಗಳಿದ್ದವು, ಅಷ್ಟೇ ವ್ಯತ್ಯಾಸ.

ಆ ಮನೆಯ ಗೇಟನ್ನು ಮೊಣಕಾಲಿನಿಂದ ಒತ್ತಿ ಹಿಡಿದರೆ ಮಾತ್ರ ಚಿಲಕ ಬೀಳುತ್ತಿತ್ತು. ಒಂದು ಬೆಳಿಗ್ಗೆ ತರಗತಿಗೆ ತಡವಾಗಿ, ಒತ್ತದೆಯೇ ಓಡಿದೆ. ಮಧ್ಯಾಹ್ನ ಬಂದರೆ ಅಂಗಳದ ತುಂಬ ಜನ. ಗೌರಿ ರಿಂಗ್ ರೋಡಿಗೆ ಹೋಗಿ ಗೂಡ್ಸ್ ಆಟೋಗೆ ಸಿಕ್ಕಿ ಸತ್ತಿತ್ತು. ಆಟೋದವನು ಕೈಮುಗಿದು ನಿಂತಿದ್ದ.

"ಹೋಗಪ್ಪ, ಗೌರಿ ಹಣೇಲಿ ಅಷ್ಟೇ ಬರ್ದಿತ್ತು. ನೀನೇನು ಬೇಕೂಂತ ಗುದ್ದಿದ್ಯಾ?" ಎಂದು ಮುನಿಯಮ್ಮ ಅವನಿಗೆ ನೀರು ಕೊಟ್ಟು ಕಳಿಸಿದರು. ಅವನು ಹೋದ ಮೇಲೆ ಜಗಲಿಯ ಮೇಲೆ ಕುಸಿದು ಅತ್ತರು. "ಹಾಲು ಕೊಟ್‌ಬಂದು ಗೇಟ್ ನೋಡ್ಲೇ ಇಲ್ಲ. ನಂದೇ ತಪ್ಪು."

ನಾನು ಕಳ್ಳನ ಹಾಗೆ ಮಹಡಿ ಹತ್ತಿದೆ. ತಪ್ಪಿಹೋಗಲಿದ್ದ ಬಸ್ಸು, ಕೆಟ್ಟ ಚಿಲಕ, ಬೇಗ ಬರಹೇಳಿದ ಪ್ರಾಂಶುಪಾಲರು, ಎಲ್ಲ ಕಾರಣಗಳನ್ನೂ ಕರೆದು ನಿಲ್ಲಿಸಿ ನೋಡಿದೆ. ಒಂದೂ ಕೆಲಸಕ್ಕೆ ಬರಲಿಲ್ಲ. ಸಂಜೆ ಇಳಿದುಬಂದು ಹೇಳಿಬಿಟ್ಟೆ: "ಅಮ್ಮ, ಗೇಟ್ ಬಿಟ್ಟಿದ್ದು ನಾನು."

ಮುನಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಹೋಗ್ಲಿ ಬಿಡಿ ಮೇಷ್ಟ್ರೇ. ಅದರ ಹಣೆಬರಹ."

"ಹಾಗನ್ಬೇಡಿ. ತಪ್ಪು ನಂದು."

"ನೀವು ಹಂಗೇ ಅನ್ಕೊಳ್ಳಿ. ಹಣೆಬರಹ ಅನ್ನೋದು ಬೇರೆಯವ್ರಿಗೆ ಹೇಳೋಕೆ. ನಮಗೆ ನಾವೇ ಹೇಳ್ಕೋಬಾರ್ದು."

ಅದುವರೆಗೆ ನಾನು ನಡೆಸಿಕೊಂಡು ಬಂದದ್ದು ಇದರ ತಿರುಗುಮುರುಗು: ನನ್ನ ತಪ್ಪಿಗೆ ಕಾರಣ, ಕಂಡವರ ತಪ್ಪಿಗೆ ಬೈಗುಳ. ಹಸು ಸತ್ತ ದಿನವೇ, ಖಾಲಿ ಕೊಟ್ಟಿಗೆಯ ಮುಂದೆ ಕೂತು, ಒಬ್ಬರು ಹೀಗೆ ಹೇಳಬಲ್ಲರೇ? ಇಷ್ಟು ವರ್ಷ ಪಾಠ ಹೇಳಿದ ಮೇಲೂ ಆ ಮಾತಿನ ಎತ್ತರ ನನಗೆ ಪೂರ್ತಿ ಕಂಡಿಲ್ಲ.

ಇವತ್ತು ಗೇಟಿನ ಸದ್ದು ಕೇಳಿ ಕೆಳಮನೆಯವರು ಹೊರಗೆ ಬಂದರು. "ಸಾರಿ ಸಾರ್, ಆಫೀಸ್‌ನಿಂದ ಫೋನ್ ಬಂತು, ಚಿಲಕ ಬೇರೆ ಬೀಳ್ಲಿಲ್ಲ..."

"ಇರ್ಲಿ ಬಿಡಿ, ಆಗುತ್ತೆ" ಎಂದೆ.

ಚಿಲಕ ಬಿಗಿಯಾಗಿರುವುದು ನನಗೆ ಒಂದು ತಿಂಗಳಿಂದ ಗೊತ್ತಿತ್ತು. ಮೇಲೆ ಹೋಗಿ ಎಣ್ಣೆ ತಂದು ಹಾಕಿದೆ.